ದಪ್ಪ ಆಯಿಲಿನ ಪರ ಅಪ್ಪನ ವಾದ

ನಮ್ಮ ಲಾರಿ ಗುಜರಿಗೆ ಹೋಗದೆ ಉಳಿದದ್ದು ಮಗಳಾದ ನನ್ನ ವಾದದಿಂದ ಎಂದು ನಮ್ಮಪ್ಪ ಹೇಳುತ್ತಾನೆ. ತಿಳವಳ್ಳಿಯ ಚಹಾದಂಗಡಿಯಲ್ಲಿ ಹೇಳುತ್ತಾನೆ. ಹಿರೇಕೆರೂರಿನಲ್ಲಿ ಮೆಕ್ಕೆಜೋಳದ ಚೀಲ ಏರಿಸುವ ಹಮಾಲರಿಗೆ ಹೇಳುತ್ತಾನೆ. ಶಿಗ್ಗಾವಿಯ ಗೋದಾಮಿನ ಮುಂದೆ ಸರದಿ ಕಾಯುವಾಗ, ಕೇಳಲಿ ಬಿಡಲಿ, ಹಿಂದಿನ ಲಾರಿಯವನಿಗೂ ಮುಂದಿನ ಲಾರಿಯವನಿಗೂ ಹೇಳುತ್ತಾನೆ. ಅವನ ಕಥೆಯಲ್ಲಿ ಸೀಗಿ ಹುಣ್ಣಿಮೆಯ ಮಧ್ಯಾಹ್ನ ಮಗಳು ಕಟ್ಟೆಯ ಮೇಲೆ ಕೂತು ಒಂದು ತಾಸು ವಾದ ಮಾಡಿದಳು, ತಾನು ಮಾತಿಲ್ಲದೆ ಸೋತ, ದಪ್ಪ ಆಯಿಲ್ ಹೋಗಿ ತೆಳು ಆಯಿಲ್ ಬಂತು, ಲಾರಿ ಬದುಕಿತು. ಅವ್ವ ಲಾರಿಯ ನೆರಳಿನಲ್ಲಿ ಕೂತು ಅಲಸಂದಿ ಹಸನು ಮಾಡುತ್ತ ತೀರ್ಪು ಕೊಟ್ಟಳು ಎಂಬುದನ್ನೂ ಸೇರಿಸುತ್ತಾನೆ.

ಈ ಕಥೆಯ ನಾಯಕಿ ನಾನೇ. ಆದ್ದರಿಂದ ಮೊದಲು ಅನುಮಾನಪಡಬೇಕಾದವಳೂ ನಾನೇ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಕಲಿತದ್ದು ಒಂದೇ ಮಾತು: ಎದುರಾಳಿ ತೀರ ಸಲೀಸಾಗಿ ಸೋತರೆ, ಅವನು ಯಾವುದನ್ನು ಉಳಿಸಿಕೊಂಡ ಎಂದು ನೋಡು. ನಮ್ಮಪ್ಪ ಹುಟ್ಟಿದಾಗಿನಿಂದ ಯಾರಿಗೂ ವಾದದಲ್ಲಿ ಸೋತವನಲ್ಲ. ನನ್ನ ಬಹುಮಾನದ ಕಪ್ಪುಗಳಲ್ಲಿ ನಟ್ಟು, ಬೋಲ್ಟು, ವಾಷರು ತುಂಬಿ ಕಿಟಕಿಯಲ್ಲಿಟ್ಟವನು ಅವನು. "ಗೆದ್ದದ್ದು ಸುಮ್ನ ಖಾಲಿ ಕುಂದ್ರಬಾರದವ್ವಾ," ಎಂದಿದ್ದ.

ಲಾರಿ ನಮ್ಮ ಮನೆಗೆ ಬಂದದ್ದು ನನಗಿಂತ ಒಂದು ವರ್ಷ ಮುಂಚೆ. ನನ್ನನ್ನು ಹಾನಗಲ್ಲಿನ ಆಸ್ಪತ್ರೆಯಿಂದ ಮನೆಗೆ ತಂದದ್ದೂ ಅದರ ಕ್ಯಾಬಿನ್ನಿನಲ್ಲೇ. ಅದು ಎಷ್ಟು ಓಡಿದೆ ಎಂದು ಯಾರಿಗೂ ಗೊತ್ತಿಲ್ಲ. ಮೀಟರಿನ ಅಂಕಿಗಳು ಒಂದು ಸುತ್ತು ಮುಗಿಸಿ ಸೊನ್ನೆಗೆ ಬಂದು, ಮತ್ತೆ ಅರ್ಧ ದಾರಿಯಲ್ಲಿ ನಿಂತುಹೋಗಿವೆ. ಅಪ್ಪ ಅದರ ಆರೋಗ್ಯ ನೋಡುವ ರೀತಿ ಬೇರೆ. ಪ್ರತಿ ಅಮಾವಾಸ್ಯೆಗೆ ಲಾರಿಗೆ ಪೂಜೆ. ಪೂಜೆಗೆ ಮೊದಲು, ಇಂಜಿನ್ ಇನ್ನೂ ತಣ್ಣಗಿರುವಾಗ, ಆಯಿಲ್ ಅಳೆಯುವ ಕಡ್ಡಿ ಎಳೆದು, ಅದರ ತುದಿಯ ಒಂದು ಹನಿಯನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಆ ಅಮಾವಾಸ್ಯೆಯ ಚೌಕಕ್ಕೆ ಮುಟ್ಟಿಸುತ್ತಾನೆ. ಹನಿ ಹರಡಿ ಉಂಗುರವಾಗುತ್ತದೆ. ನಡುವೆ ಎಷ್ಟು ಕಪ್ಪು, ಅಂಚಿನಲ್ಲಿ ಎಷ್ಟು ಕಂದು ಎಂದು ನೋಡಿ ಆಯಿಲಿನಲ್ಲಿ ಇನ್ನೂ ಎಷ್ಟು ಜೀವವಿದೆ ಎಂದು ಹೇಳುತ್ತಾನೆ. ಹಳೆಯ ಕ್ಯಾಲೆಂಡರುಗಳೆಲ್ಲ ಅಟ್ಟದ ಮೇಲಿವೆ. "ದೇವರ ಫೋಟೋದ ಬಾಜೂಕ ಗ್ಯಾರೇಜಿನ ವಾಸನಿ," ಎಂದು ಅವ್ವ ಗೊಣಗುತ್ತಾಳೆ, ಆದರೆ ಒಂದನ್ನೂ ಒಲೆಗೆ ಹಾಕಿಲ್ಲ.

ಇನ್ನೊಂದು ನಿಯಮ: ಆ ಕಡ್ಡಿಯನ್ನು ಅಪ್ಪನ ಹೊರತು ಯಾರೂ ಎಳೆಯುವಂತಿಲ್ಲ. ಕ್ಲೀನರುಗಳು ಬಂದು ಹೋದರು, ಕಡ್ಡಿ ಮುಟ್ಟಲಿಲ್ಲ. ಸವಣೂರಿನ ಮಿಸ್ತ್ರಿ ಕೂಡ, ಲಾರಿಯ ಇಂಜಿನ್ನನ್ನು ಅಪ್ಪನಿಗಿಂತ ಚೆನ್ನಾಗಿ ಬಲ್ಲವರು, ನಾನು ಚಾಚಾ ಎಂದು ಕರೆಯುವವರು, "ಅದು ಮಾಲಕರ ನಾಡಿ, ಅವರಽ ಹಿಡೀಲಿ," ಎಂದು ಕೈ ಹಿಂದಕ್ಕೆ ಕಟ್ಟಿ ನಿಲ್ಲುತ್ತಿದ್ದರು.

ಎರಡು ವರ್ಷದ ಹಿಂದೆ ಲಾರಿ ಆಯಿಲ್ ಕುಡಿಯತೊಡಗಿತು. ಅಪ್ಪ ಹಾಗೇ ಹೇಳುತ್ತಿದ್ದ, ಕುಡಿಯುತ್ತದೆ ಎಂದು. ಕಡ್ಡಿ ನೋಡಿದಾಗಲೆಲ್ಲ ಕಡಿಮೆ, ಅದಕ್ಕೆ ಅರ್ಧ ಲೀಟರ್ ಸುರಿಯುವುದು, ವಾರದಲ್ಲಿ ಮತ್ತೆ ಕಡಿಮೆ. ಹಿಂದೆ ನೀಲಿ ಹೊಗೆ. ಹಿರೇಕೆರೂರಿನ ಅಂಗಡಿಯವನು ಹದಿನೈದು-ನಲವತ್ತು ಎಂಬ ನಂಬರಿನ ಆಯಿಲ್ ಬಿಡಿಸಿ ಇಪ್ಪತ್ತು-ಐವತ್ತು ಹಾಕಿಸಿದ. ಇಂಜಿನ್ ಸವೆದು ಸಂದು ದೊಡ್ಡದಾಗಿದೆ, ದಪ್ಪ ಆಯಿಲ್ ಹಾಕಿದರೆ ಸಂದು ಮುಚ್ಚುತ್ತದೆ ಎಂಬುದು ಅವನ ತರ್ಕ. ಹೊಗೆ ನಿಲ್ಲಲಿಲ್ಲ. ಕಳೆದ ಮಳೆಗಾಲದ ಕೊನೆಗೆ ಚಾಚಾ ಹೊಗೆ ನೋಡಿ, ಇಂಜಿನ್ ಸದ್ದು ಕೇಳಿ, ಕೈ ಒರೆಸಿಕೊಂಡರು.

"ಪಿಸ್ಟನ್ ರಿಂಗ್ ಹ್ವಾದ್ವು ಮಾಲಕರ. ಬಿಚ್ಚಬೇಕು. ಬಿಚ್ಚಿದ ಮ್ಯಾಲ ಬ್ಲಾಕ್ ಸೈತ ಸವದಿದ್ರ ನನಗ ಬೈಬ್ಯಾಡ್ರಿ. ಇದರ ಉಮರ್ ಆಗೇತಿ."

"ಸವದಿದ್ರ?"

"ಸವದಿದ್ರ ಮುಗೀತು. ಗುಜರಿಯವರು ಬಂಕಾಪುರದಾಗ ಅದಾರ."

ಅಂದು ಅಪ್ಪ ಮನೆಗೆ ಬಂದು ಊಟ ಮಾಡಲಿಲ್ಲ ಎಂದು ಅವ್ವ ಫೋನಿನಲ್ಲಿ ಹೇಳಿದಳು. ಆಗ ನಾನು ಧಾರವಾಡದಲ್ಲಿ ಕಾನೂನು ಓದುತ್ತಿದ್ದೆ. ಸುಗ್ಗಿ ಮುಗಿಯುವತನಕ ಒಂದು ವಾಯಿದೆ ಕೊಡಿ ಎಂದು ಅಪ್ಪ ಮಿಸ್ತ್ರಿಯನ್ನು ಕೇಳಿದ್ದನಂತೆ. ಬೇರೆಯವರ ಲಾರಿ ಓಡಿಸುವ ಮಾತನ್ನೇ ಅವನು ಎತ್ತಲಿಲ್ಲವಂತೆ. ನಾನು ಲಾರಿಯ ಹಳೆಯ ಕೈಪಿಡಿಯ ಪುಟವೊಂದನ್ನು ಹುಡುಕಿ ಫೋಟೋ ಕಳಿಸಿದೆ. ಅದರಲ್ಲಿ ಹದಿನೈದು-ನಲವತ್ತು ಎಂದೇ ಇತ್ತು. ಉತ್ತರ ಬರಲಿಲ್ಲ.

ಹುಣ್ಣಿಮೆಗೆ ಊರಿಗೆ ಬಂದೆ. ಹೊಲಕ್ಕೆ ಹೋಗಿ ಭೂತಾಯಿಗೆ ಎಡೆಯ ಚರಗ ಚೆಲ್ಲಿ, ಅಲ್ಲೇ ಉಂಡು, ಮನೆಗೆ ಬಂದು ಕಟ್ಟೆಯ ಮೇಲೆ ಕೂತೆವು. ಅಪ್ಪನೇ ಕೆಣಕಿದ.

"ಏನವ್ವಾ ವಕೀಲರ, ಫೋಟೋ ಕಳಿಸಿದ್ರಿ. ಆ ಪುಸ್ತಕ ಬರದಾಂವಾ ನಮ್ಮ ಲಾರಿ ನೋಡ್ಯಾನೇನು?"

"ನೋಡೂದು ಬ್ಯಾಡ. ಇಂಜಿನ್ ಮಾಡಿದಾಂವಾ ಅವನಽ."

"ಮಾಡಿದಾಂವಾ ಹೊಸಾದು ಮಾಡಿದ. ಹಳೇದು ಮಾಡಿದಾಂವಾ ನಾನು."

ಈ ಮಾತಿಗೆ ಅವ್ವ ನಕ್ಕಳು. ಅಪ್ಪನಿಗೆ ಒಂದು ಅಂಕ ಸಿಕ್ಕಿತು. ನಾನು ನಂಬರಿನ ಅರ್ಥದಿಂದ ಶುರು ಮಾಡಿದೆ. ಮೊದಲ ಅಂಕಿ ಆಯಿಲ್ ತಂಪಿನಲ್ಲಿ ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬುದಕ್ಕೆ. ಅದು ಚಿಕ್ಕದಿದ್ದಷ್ಟೂ ಸಲೀಸು. ಎರಡನೆಯದು ಕಾದ ಮೇಲೆ ಎಷ್ಟು ದಪ್ಪ ಉಳಿಯುತ್ತದೆ ಎಂಬುದಕ್ಕೆ.

"ಇಂಜಿನ್ ಹೆಚ್ಚು ಸವೆಯೂದು ಓಡೂವಾಗಲ್ಲ ಅಪ್ಪಾ. ಮುಂಜಾನೆ ಚಾಲೂ ಮಾಡಿದ ಮೊದಲನೇ ನಿಮಿಷದಾಗ. ಆಯಿಲ್ ಮ್ಯಾಲ ಏರೋ ತನಕ ಕಬ್ಬಿಣಕ್ಕ ಕಬ್ಬಿಣ ತಿಕ್ಕತೈತಿ. ನಿನ್ನ ಆಯಿಲ್ ಮುಂಜಾನಿ ಬೆಲ್ಲದ ಪಾಕ ಆಗಿರತೈತಿ."

"ಯಾಕ, ನಮ್ಮೂರಾಗ ಹಿಮಾ ಬೀಳ್ತೈತೇನು?"

"ಬೀಳದಿದ್ರ ಕೀಲಿ ತಿರುವಿದ್ರ ಯಾಕ ಚಾಲೂ ಆಗಂಗಿಲ್ಲ? ದಿನಾ ಯಾಕ ಏರಿ ಮ್ಯಾಲಿಂದ ಉಳ್ಳಿಸ್ತಿ?"

ನಮ್ಮ ಮನೆ ಕೆರೆಯ ಏರಿಯ ಬುಡದಲ್ಲಿದೆ. ಏರಿಯಿಂದ ಇಳಿಯುವ ದಾರಿಯಲ್ಲಿ ಲಾರಿಯನ್ನು ಮೂತಿ ಕೆಳಗೆ ಮಾಡಿ ನಿಲ್ಲಿಸಿ, ಗಾಲಿಗೆ ಕಲ್ಲು ಕೊಟ್ಟು, ಬೆಳಿಗ್ಗೆ ಕಲ್ಲು ತೆಗೆದು ಉರುಳಿಸಿ, ಗೇರಿಗೆ ಹಾಕಿ ಚಾಲೂ ಮಾಡುವುದು ಎರಡು ವರ್ಷದ ರೂಢಿಯಾಗಿತ್ತು. ಏರಿ ಎಂದ ಕೂಡಲೇ ಅಪ್ಪ ಅವ್ವನ ಕಡೆ ನೋಡಿದ. ಅವ್ವ ತಲೆ ಎತ್ತದೆ ಮೊರದಲ್ಲಿ ಕಲ್ಲು ಹುಡುಕಿದಳು. ನಾನು ಇದನ್ನು ಕಂಡೆ, ಆದರೆ ಗೆಲ್ಲುವ ಗಡಿಬಿಡಿಯಲ್ಲಿದ್ದೆ.

"ಸ್ಟಾರ್ಟರ್ ಮುದಿ ಆಗೇತಿ," ಎಂದ ಅಪ್ಪ. "ಅದು ಇರ್ಲಿ. ಲಾರಿ ಕಾದ ಮ್ಯಾಲ ಏನ್ ಹೇಳ್ತಿ? ಬಂಕಾಪುರ ದಾಟಿದ್ರ ಆಯಿಲ್ ಪ್ರೆಶರಿನ ಮುಳ್ಳು ಕೆಳಗ ಇಳಿತೈತಿ. ತೆಳ್ಳಂದು ಹಾಕಿದ್ರ ಮಲಗೇ ಬಿಡ್ತೈತಿ."

"ಇಳಿಯೂದು ಬ್ಯಾರೆ, ಕೆಂಪು ಗೆರಿ ಮುಟ್ಟೂದು ಬ್ಯಾರೆ. ಒಮ್ಮೆರ ಮುಟ್ಟೇತೇನು?"

"ಇನ್ನೂ ತನಕ ಇಲ್ಲ."

"ಮತ್ತ ಹೊಗಿ? ಎರಡ ವರ್ಷಾತು ದಪ್ಪಂದು ಹಾಕಾಕತ್ತಿ. ಹೆಚ್ಚಾತೋ ಕಡಿಮಿ ಆತೋ? ಔಷಧ ಕೊಟ್ಟಂಗ ಬ್ಯಾನಿ ಹೆಚ್ಚಾದ್ರ ಔಷಧದ ಮ್ಯಾಲ ಸಂಶೆ ಪಡಬೇಕೋ ಬ್ಯಾಡೋ?"

ಅಪ್ಪ ಬೀಡಿ ಹಚ್ಚಿದ. ಅರ್ಧ ಸೇದಿ ಆರಿಸಿದ. "ಆತು ಬಿಡವ್ವಾ, ಸೋತೆ. ತೆಳ್ಳಂದಽ ಹಾಕಸ್ತೇನಿ."

"ಕೋರ್ಟ್ ಮುಗೀತಲ್ಲ, ಚಾ ಕುಡೀರಿ," ಎಂದಳು ಅವ್ವ. ಕಥೆಯಲ್ಲಿ ಬರುವ ತೀರ್ಪು ಇಷ್ಟೇ.

ಮರುದಿನ ನಾನು ಧಾರವಾಡಕ್ಕೆ ಹೋದೆ. ಮುಂದಿನದು ಫೋನಿನಲ್ಲಿ ಬಂದ ಒಳ್ಳೆಯ ಸುದ್ದಿ. ಕೀಲಿಗೆ ಚಾಲೂ ಆಗುತ್ತಿದೆ. ಹೊಗೆ ಇಲ್ಲ. ಆಯಿಲ್ ಕುಡಿಯುವುದು ನಿಂತಿದೆ. ಇಂಜಿನ್ ಬಿಚ್ಚುವ ಮಾತನ್ನು ಮಿಸ್ತ್ರಿ ಕೈಬಿಟ್ಟಿದ್ದಾರೆ. ಇಡೀ ಸುಗ್ಗಿ ಲಾರಿ ಹಿರೇಕೆರೂರಿಗೂ ಶಿಗ್ಗಾವಿಗೂ ನಡುವೆ ಓಡಿತು. ನಾನು ಹಾಸ್ಟೆಲಿನಲ್ಲಿ ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ಇದನ್ನು ಒಪ್ಪಿಕೊಳ್ಳಬೇಕು.

ಚಳಿಗಾಲದಲ್ಲಿ ಮತ್ತೆ ಬಂದಾಗ ನಮ್ಮ ಅಂಗಳದಲ್ಲಿ ಓಣಿಯವರ ಮೆಕ್ಕೆಜೋಳ ಒಣಗಲು ಹರವಿತ್ತು. ಅಂಗಳ ಸಿಗದ ಲಾರಿ ಅಂದು ಏರಿಯ ಇಳಿಜಾರಿನಲ್ಲಿ ನಿಂತಿತ್ತು. ಅಪ್ಪ ಹಾಲು ತರಲು ಹೋಗಿದ್ದ. ನಾನು ಮಾಡಬಾರದ್ದು ಮಾಡಿದೆ: ಕಡ್ಡಿ ಎಳೆದೆ. ತುದಿಯಲ್ಲಿ ಮಾತ್ರ ಆಯಿಲ್ ಇತ್ತು, ಕೆಳಗಿನ ಗೆರೆಯನ್ನೂ ಮುಟ್ಟಿರಲಿಲ್ಲ. ನನ್ನ ತೆಳು ಆಯಿಲನ್ನೂ ಇಂಜಿನ್ ಕುಡಿದಿದೆ, ಅಪ್ಪ ನನ್ನ ಮನಸ್ಸು ನೋಯಬಾರದೆಂದು ಸುಳ್ಳು ಹೇಳಿದ್ದಾನೆ ಎಂದುಕೊಂಡೆ. ಆ ಸಂಜೆ ಜೋಳ ಬಳಿದು ಚೀಲ ಕಟ್ಟಿದರು, ಅಪ್ಪ ಲಾರಿಯನ್ನು ಅಂಗಳಕ್ಕೆ ತಂದ. ಬೆಳಿಗ್ಗೆ ಅವನು ಏಳುವ ಮೊದಲು ಮತ್ತೆ ಎಳೆದೆ. ಆಯಿಲ್ ಮೇಲಿನ ಗೆರೆಗೆ ಸರಿಯಾಗಿ ನಿಂತಿತ್ತು. ನಡುವೆ ಯಾರೂ ಒಂದು ಹನಿ ಸುರಿದಿರಲಿಲ್ಲ.

ಆ ಕಡ್ಡಿ ಇರುವುದು ಇಂಜಿನ್ನಿನ ಹಿಂಬದಿಗೆ. ಮೂತಿ ಕೆಳಗಾಗಿ ನಿಂತ ಲಾರಿಯಲ್ಲಿ ಆಯಿಲ್ ಮುಂದಕ್ಕೆ ಸರಿದು ಕಡ್ಡಿಗೆ ಸಿಗುವುದಿಲ್ಲ. ಯಾವುದೋ ಸುಗ್ಗಿಯಲ್ಲಿ ಹೀಗೇ ಅಂಗಳ ಸಿಗದೆ ಲಾರಿ ಇಳಿಜಾರಿಗೆ ಹೋಗಿರಬೇಕು. ಅಲ್ಲಿಂದ ಎರಡು ವರ್ಷ ಅಪ್ಪ ದಿನಾ ಇಳಿಜಾರಿನಲ್ಲೇ ಅಳೆದ, ಕಡಿಮೆ ಕಂಡ, ಸುರಿದ. ಹೆಚ್ಚಾದದ್ದನ್ನು ಇಂಜಿನ್ ಹೊಗೆಯಾಗಿ ಉಗುಳಿತು, ಸೀಲಿನ ಸಂದಿನಿಂದ ಸೋರಿಸಿತು. ಹೊಗೆ ಕಂಡು ದಪ್ಪ ಆಯಿಲ್ ಹಾಕಿದರು. ದಪ್ಪ ಆಯಿಲಿಗೆ ಬೆಳಗಿನ ತಂಪಿನಲ್ಲಿ ಇಂಜಿನ್ ತಿರುಗಲಿಲ್ಲ, ಆದ್ದರಿಂದ ಇಳಿಜಾರು ತಪ್ಪಲಿಲ್ಲ. ತೆಳು ಆಯಿಲ್ ಮಾಡಿದ ಉಪಕಾರವೆಂದರೆ ಲಾರಿಯನ್ನು ಕೀಲಿಗೆ ಚಾಲೂ ಮಾಡಿ, ಸಪಾಟು ನೆಲಕ್ಕೆ ತಂದು ನಿಲ್ಲಿಸಿದ್ದು. ನನ್ನ ವಾದದಲ್ಲಿ ಇಳಿಜಾರು ಇತ್ತು. ಇಳಿಜಾರಿನ ಅರ್ಥ ಇರಲಿಲ್ಲ. ಮುಳ್ಳಿನ ವಿಷಯದಲ್ಲಿ ಅಪ್ಪ ಹೇಳಿದ್ದೂ ಸುಳ್ಳಾಗಲಿಲ್ಲ. ಈಗ ಬಂಕಾಪುರ ದಾಟಿದ ಮೇಲೆ ಅದು ಮೊದಲಿಗಿಂತ ಕೆಳಗಿರುತ್ತದೆ, ಕೆಂಪು ಗೆರೆಗಿಂತ ಮೇಲೆಯೇ ಆದರೂ.

ಚಹಾ ಕುಡಿಯುವಾಗ ಅಪ್ಪನಿಗೆ ಎಲ್ಲ ವಿವರಿಸಿದೆ. ಕಡ್ಡಿ ಮುಟ್ಟಿದ್ದಕ್ಕೆ ಬೈಯುತ್ತಾನೆ, ಇಲ್ಲವೆ ಕನಿಷ್ಠ ಹತ್ತು ತಕರಾರು ತೆಗೆಯುತ್ತಾನೆ ಎಂದುಕೊಂಡಿದ್ದೆ.

"ಹೌದಾ," ಎಂದ. "ಇರಬಹುದು."

ಇರಬಹುದು ಎಂಬ ಮಾತನ್ನು ಅಪ್ಪನ ಬಾಯಲ್ಲಿ ನಾನು ಮೊದಲು ಕೇಳಿರಲಿಲ್ಲ. ನೇರ ಕ್ಯಾಲೆಂಡರಿನ ಮುಂದೆ ಹೋಗಿ ನಿಂತೆ. ಹಾಳೆ ಹಿಂದಕ್ಕೆ ತಿರುವಿದೆ. ಅಮಾವಾಸ್ಯೆಯ ಚೌಕಗಳಲ್ಲಿ ಕಪ್ಪು ಉಂಗುರಗಳು, ಎಂದಿನಂತೆ. ಸೀಗಿ ಹುಣ್ಣಿಮೆಗೆ ನಾಲ್ಕು ದಿನ ಮೊದಲಿನ ಚೌಕದಲ್ಲಿ, ಅಮಾವಾಸ್ಯೆಯಲ್ಲದ ದಿನ, ಒಂದು ಹನಿ ಹೆಚ್ಚಿಗೆ ಇತ್ತು. ಅದು ಕಪ್ಪಲ್ಲ, ಜೇನಿನ ಬಣ್ಣ. ಹೊಸ ಆಯಿಲ್ ಹಾಕಿದ ದಿನ ಬೀಳುವ ಹನಿ.

ಆಗ ನೆನಪಾಯಿತು. ಹುಣ್ಣಿಮೆಯ ದಿನ ಅವ್ವ ಅಲಸಂದಿ ಹಸನು ಮಾಡಲು ಕೂತದ್ದು ಲಾರಿಯ ನೆರಳಿನಲ್ಲಿ. ಲಾರಿ ಅಂಗಳದಲ್ಲಿತ್ತು, ಏರಿಯ ಮೇಲಲ್ಲ. ಅಪ್ಪ ಊರೆಲ್ಲ ಹೇಳುವ ಕಥೆಯಲ್ಲೇ ಈ ಸಾಕ್ಷಿ ಇದೆ. ಅಂದು ಅದನ್ನು ಕಂಡೂ, ಹಬ್ಬಕ್ಕೆ ತೊಳೆಯಲು ತಂದಿರಬೇಕು ಎಂದುಕೊಂಡಿದ್ದೆ.

ಅಪ್ಪ ಲೋಡು ತೆಗೆದುಕೊಂಡು ಹೊರಟ ಮೇಲೆ ಸವಣೂರಿಗೆ ಹೋಗುವ ಬಸ್ಸು ಹತ್ತಿದೆ. ಚಾಚಾ ಎಲೆ ಅಡಿಕೆ ಮಡಿಸುತ್ತಿದ್ದರು. ಸುಮ್ಮನೆ ಮಾತಿಗೆ ಎಂಬಂತೆ ಕೇಳಿದೆ: "ಚಾಚಾ, ಅವತ್ತು ಹಳೇ ಆಯಿಲ್ ಬಿಟ್ಟಾಗ ಎಷ್ಟು ಬಂತ್ರಿ?"

"ಏನ್ ಕೇಳ್ತಿ ಬೇಟಾ, ಟ್ರೇ ತುಂಬಿ ನೆಲದ ಮ್ಯಾಲ ಚೆಲ್ಲಿತು. ಎರಡನೇ ಟ್ರೇ ಇಟ್ವಿ. ನಿಮ್ಮಪ್ಪ ನೋಡಿ ಅಲ್ಲೇ..." ಎಂದವರು ನಿಲ್ಲಿಸಿದರು. ಎಲೆಯನ್ನು ಬಾಯಿಗಿಟ್ಟುಕೊಂಡರು. "ಹೇಳಬ್ಯಾಡ ಅಂದಿದ್ರು ನಿಮ್ಮಪ್ಪ."

"ನನಗ ಹೇಳಬ್ಯಾಡ ಅಂತೋ, ಯಾರಿಗೂ ಹೇಳಬ್ಯಾಡ ಅಂತೋ?"

ಬಾಯಿ ತುಂಬ ಎಲೆ ಇದ್ದವರು ಮಾತಾಡುವುದಿಲ್ಲ. ಕೈ ಆಡಿಸಿದರು.

ಅಪ್ಪ ಅಂದು ಶಿಗ್ಗಾವಿಯಿಂದ ಖಾಲಿ ಲಾರಿ ತರುತ್ತಿದ್ದ. ನಾನು ಫೋನ್ ಮಾಡಿದ್ದರಿಂದ ಸವಣೂರಿಗೆ ಬಂದು ನನ್ನನ್ನು ಹತ್ತಿಸಿಕೊಂಡ. ಹಾನಗಲ್ಲಿನ ದಾರಿಯುದ್ದಕ್ಕೂ ನಾನು ನನ್ನೊಳಗೇ ಎರಡೂ ಪಕ್ಷ ಮಂಡಿಸಿದೆ. ತೆಳು ಆಯಿಲ್ ಹಾಕಿದ್ದು ಸರಿಯೋ ಅಲ್ಲವೋ ಎಂದು ಅಪ್ಪ ಹೆದರಿ, ತಾನು ಆರಿಸಿದ ಆಯಿಲಿನ ಪರ ಯಾರಾದರೂ ಗಟ್ಟಿಯಾಗಿ ಮಾತಾಡುವುದನ್ನು ಕೇಳಬೇಕೆಂದು ಎದುರು ಪಕ್ಷ ಹಿಡಿದಿರಬಹುದು. ಇಲ್ಲವೆ, ಯಾರ ಕೈಗೂ ಕೊಡದ ಆ ಕಡ್ಡಿಯನ್ನು ತಾನೇ ಎರಡು ವರ್ಷ ತಪ್ಪು ಓದಿದೆ ಎಂಬುದಕ್ಕಿಂತ, ಮಗಳ ಮುಂದೆ ಸೋತೆ ಎಂಬುದು ಚಹಾದಂಗಡಿಯಲ್ಲಿ ಹೇಳಲು ಚೆಂದ ಎನಿಸಿರಬಹುದು. ಎರಡಕ್ಕೂ ಸುಳಿವಿದೆ. ಪುರಾವೆ ಯಾವುದಕ್ಕೂ ಇಲ್ಲ.

ಲಾರಿ ಸದ್ದಿಲ್ಲದೆ, ಅಂದರೆ ಅದರ ಮಟ್ಟಿಗೆ ಸದ್ದಿಲ್ಲದೆ, ಓಡುತ್ತಿತ್ತು. ಅಪ್ಪ ಮುಳ್ಳಿನ ಮೇಲೊಂದು ಕಣ್ಣಿಟ್ಟು, ಕಿಟಕಿಯ ಮೇಲೆ ಮೊಣಕೈ ಊರಿದ್ದ. ಕೇಳಿಯೇ ಬಿಟ್ಟೆ.

"ಅಪ್ಪಾ, ಹುಣ್ಣಿವಿಗೆ ನಾ ಬರೂದ್ರಾಗ ಆಯಿಲ್ ಬದಲಾಗಿತ್ತು, ಇಳಿಜಾರಿನ ಮೋಸಾನೂ ನಿನಗ ಗೊತ್ತಾಗಿತ್ತು. ಅಷ್ಟೆಲ್ಲಾ ಗೊತ್ತಿದ್ದು ನನ್ನ ಎದರಿಗೆ ಕುಂತು ಒಂದ ತಾಸು ದಪ್ಪ ಆಯಿಲಿನ ಪರ ಯಾಕ ವಾದಾ ಮಾಡಿದಿ?"