ರೈಲಿಗೆ ಕೊಟ್ಟ ಅಪ್ಪೆ ಮರ

ನಮ್ಮ ತೀರ್ಥಹಳ್ಳಿ ಸೀಮೆಯವರಿಗೆ ರೈಲಿನ ಹುಚ್ಚು ಹಿಡಿಸಿದವರು ಸಾಗರದವರು ಎಂದು ನಾನು ಈಗಲೂ ನಂಬಿದ್ದೇನೆ. ಸಾಗರದ ಕಾಲೇಜಿನಲ್ಲಿ ಓದುವಾಗ ಜೊತೆಯ ಹುಡುಗರು ರಜೆ ಮುಗಿಸಿ ಬಂದ ನಮ್ಮನ್ನು ಮೊದಲು ಕೇಳುತ್ತಿದ್ದದ್ದು, ನಿಮ್ಮೂರಿಗೆ ರೈಲು ಬಂತಾ ಅಂತ. ದೊಡ್ಡ ದೊಡ್ಡವರನ್ನೆಲ್ಲ ನಾಡಿಗೆ ಕೊಟ್ಟ ತಾಲೂಕು ನಮ್ಮದು ಎಂದು ನಾವು ಎದೆಯುಬ್ಬಿಸಿದರೆ, ಪಾಪ, ಅವರೆಲ್ಲ ಬಸ್ಸಲ್ಲೇ ಹೋಗಬೇಕಾಯ್ತಲ್ಲ ಎಂದು ನಗುತ್ತಿದ್ದರು. ಅವರು ಆ ಮಾತನ್ನು ಅಲ್ಲೇ ಮರೆತಿರಬೇಕು. ನಾನು ಮರೆಯಲಿಲ್ಲ.

ಓದು ಮುಗಿದ ಮೇಲೆ ಕೋಣಂದೂರಿನಲ್ಲಿ ಝೆರಾಕ್ಸ್ ಅಂಗಡಿ ಇಟ್ಟೆ. ಸಾಗರದವರೆಗೆ ಬಂದ ರೈಲನ್ನು ಹೊಸನಗರದ ಮೇಲಿಂದ ನಮ್ಮ ಕಡೆಗೂ ತರಬೇಕೆಂದು ಊರವರು ಸಮಿತಿ ಮಾಡಿದಾಗ, ಟೈಪ್ ಮಾಡಲು ಬರುತ್ತದೆ ಎಂಬ ಒಂದೇ ಅರ್ಹತೆಯ ಮೇಲೆ ನನ್ನನ್ನು ಕಾರ್ಯದರ್ಶಿ ಮಾಡಿದರು. ಬಂದ ಮಂತ್ರಿಗಳಿಗೆಲ್ಲ ಹಾರದ ಜೊತೆ ಒಂದು ಮನವಿ. ಹಾರವನ್ನು ಅವರು ಕಾರಿನ ಮುಂದೆ ಕಟ್ಟಿಕೊಂಡು ಹೋಗುತ್ತಿದ್ದರು, ಮನವಿಯನ್ನು ಏನು ಮಾಡುತ್ತಿದ್ದರೋ ಗೊತ್ತಿಲ್ಲ. ಅಂತೂ ಒಂದು ಬೇಸಿಗೆಯಲ್ಲಿ ಸರ್ವೆ ಆಗುತ್ತದೆ ಎಂಬ ಸುದ್ದಿ ಬಂತು. ಅಂಗಡಿಯ ಮುಂದೆ ಪಟಾಕಿ ಹೊಡೆದದ್ದು ನಾನೇ.

ನಕ್ಷೆಯಲ್ಲಿ ಸರ್ವೆಯ ಗೆರೆ ನಮ್ಮ ಬ್ಯಾಣದ ಮೇಲೇ ಬಂತು. ಮನೆ ಹಿಂದಿನ ಹುಲ್ಲುಗಾವಲನ್ನು ನಾವು ಬ್ಯಾಣ ಎನ್ನುತ್ತೇವೆ. ಅದರ ತುದಿಯಲ್ಲಿ, ಹಳ್ಳದ ದಂಡೆಗೆ, ನಮ್ಮ ಅಪ್ಪೆ ಮರ ಇತ್ತು. ಉಪ್ಪಿನಕಾಯಿಗೆ ಹಾಕುವ ಮಿಡಿಮಾವಿನ ಮರ. ಅಪ್ಪೆ ಮರ ನಮ್ಮ ಕಡೆ ಎಷ್ಟೋ ಇವೆ, ಆದರೆ ಒಂದರಂತೆ ಇನ್ನೊಂದಿಲ್ಲ. ನಮ್ಮ ಮರದ ಮಿಡಿಯನ್ನು ಮುರಿದರೆ ಜೀರಿಗೆಯ ಪರಿಮಳ ಕೋಣೆ ತುಂಬುತ್ತಿತ್ತು. ಅದರ ಗೊರಟು ಹಾಕಿ ಹುಟ್ಟಿದ ಸಸಿಗಳಲ್ಲಿ ಆ ಪರಿಮಳ ಬರಲಿಲ್ಲ, ಹಾಕಿ ನೋಡಿ ಆಗಿತ್ತು. ಶಿವರಾತ್ರಿಯ ಆಸುಪಾಸಿನಲ್ಲಿ ಕೇರಿಯವರೆಲ್ಲ ಬುಟ್ಟಿ ಹಿಡಿದು ಬರುತ್ತಿದ್ದರು. ಕೊಯ್ಯುವವರು ಮರ ಹತ್ತಿ, ತೊಟ್ಟು ಮುರಿಯದ ಹಾಗೆ ಒಂದೊಂದೇ ಬಿಡಿಸಿ ಬುಟ್ಟಿಯನ್ನು ಹಗ್ಗದಲ್ಲಿ ಇಳಿಸಬೇಕು. ನೆಲಕ್ಕೆ ಬಿದ್ದ ಒಂದು ಮಿಡಿ ಸೇರಿದರೂ ಇಡೀ ಭರಣಿ ಕೆಡುತ್ತದೆ. ಯಾರಿಗೆ ಎಷ್ಟು ಎಂದು ಪಾಲು ಮಾಡುತ್ತಿದ್ದವಳು ಅಮ್ಮ. ಮದುವೆಯಾಗಿ ಬಂದ ವರ್ಷದಿಂದ ಆ ಕೆಲಸ ಅವಳದು. ಆ ಮನೆಯಲ್ಲಿ ಅವಳ ಮಾತೇ ಕೊನೆ ಎಂದಿದ್ದದ್ದು ಅದೊಂದರಲ್ಲಿ ಮಾತ್ರ.

ರೈಲಿನ ಗೆರೆ ಮರದ ಹತ್ತಿರವೇ ಹೋಗುತ್ತದೆ ಎಂದು ತಿಳಿದಾಗ ಅಮ್ಮ ಗಲಾಟೆ ಮಾಡಲಿಲ್ಲ. ರೈಲು ಬರುವುದಾದರೆ ಬರಲಿ ಎಂದಳು. ಕೇಳಿದ್ದು ಒಂದೇ.

'ಮಳೆ ಹಿಡಿಯೋ ತನಕ ಮರ ಮುಟ್ಬೇಡಿ. ಹೊಸನಗರದಿಂದ ಕಸಿ ಕಟ್ಟೋರು ಬರ್ತಾರೆ. ನಾಲ್ಕು ಕಡ್ಡಿ ತೆಗ್ದು ಕಟ್ಟಿದ್ರೆ ಮರ ಎಲ್ಲಾದ್ರೂ ಉಳೀತದೆ.'

ಆಗಲಿ ಎಂದೆವು. ಅಪ್ಪಯ್ಯನೂ ಎಂದ, ನಾನೂ ಎಂದೆ.

ಆ ವರ್ಷದ ಮಿಡಿ ಕೊಯ್ದು ಉಪ್ಪಿನಲ್ಲಿ ಹಾಕಿ ಆಗಿತ್ತು. ಅಮ್ಮ ಎರಡು ದಿನಕ್ಕೆಂದು ಮೇಗರವಳ್ಳಿಯ ತವರಿಗೆ ಹೋದಳು. ಸರ್ವೆಯವರು ಅಳೆಯಲು ಬಂದದ್ದು ಅದೇ ದಿನ. ಅವರ ಯಂತ್ರದಿಂದ ನೋಡಿದರೆ ಮರದ ಒಂದು ಕೊಂಬೆ ಅಡ್ಡ ಬರುತ್ತಿತ್ತು. ತೊಂದರೆಯಿಲ್ಲ, ನಾಳೆ ಪಕ್ಕದಿಂದ ಅಳೆದುಕೊಳ್ಳುತ್ತೇವೆ, ಮರ ಇರಲಿ ಎಂದು ಅವರ ಮುಖ್ಯಸ್ಥ ಹೇಳಿದ. ಒಳ್ಳೆಯ ಮನುಷ್ಯ. ನನಗೆ ಅದು ಒಳ್ಳೆಯತನವಾಗಿ ಕಾಣಲಿಲ್ಲ. ಈ ಊರಿನವರು ಒಂದು ಮರಕ್ಕೂ ಅಡ್ಡ ನಿಲ್ಲುತ್ತಾರೆ ಎಂದು ಬರೆದುಕೊಂಡು ಹೋಗುತ್ತಾನೆ, ಗೆರೆ ಬೇರೆ ಕಡೆ ತಿರುಗುತ್ತದೆ ಎಂದು ತಲೆಗೆ ಹೊಕ್ಕಿತು. ಕಾರ್ಯದರ್ಶಿಯ ಮನೆಯ ಮರವೇ ಅಡ್ಡ ಬಂತು ಎಂದು ಸಮಿತಿಯವರು ಆಡಿಕೊಳ್ಳುವುದು ಆಗಲೇ ಕಿವಿಗೆ ಕೇಳುತ್ತಿತ್ತು. ಮರ ಕೊಯ್ಯುವ ಮಿಷನ್ನಿನವನಿಗೆ ನಾನೇ ಫೋನ್ ಮಾಡಿದೆ.

ಮರುದಿನ ಬೆಳಿಗ್ಗೆ ಅವನು ಬಂದಾಗ ಅಪ್ಪಯ್ಯ ಬ್ಯಾಣದ ಬಾಗಿಲಿಗೆ ಗಳ ಅಡ್ಡ ಹಾಕುವ ದಣಪೆಯ ಹತ್ತಿರ ನಿಂತಿದ್ದ.

'ಅವಳು ಬರ್ಲಿ ಮಾರಾಯ. ಒಂದು ದಿನದಲ್ಲಿ ರೈಲೇನು ಓಡಿಹೋಗಲ್ಲ' ಎಂದ.

ನಿಮಗೆ ಇದೆಲ್ಲ ಅರ್ಥವಾಗುವುದಿಲ್ಲ ಎಂದು ನಾನು ಹೆತ್ತ ತಂದೆಗೆ ಹೇಳಿದೆ, ಆಳುಗಳ ಎದುರಿಗೆ. ಅವನು ದಣಪೆ ಬಿಟ್ಟು ಪಕ್ಕಕ್ಕೆ ಸರಿದ. ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಮರ ಮಲಗಿತ್ತು. ಸರ್ವೆಯ ಮುಖ್ಯಸ್ಥ ಬಂದು ನೋಡಿ, ಇದನ್ನು ಯಾಕೆ ಕಡಿಸಿದಿರಿ, ನಾನು ಬೇಡ ಅಂದಿದ್ದೆನಲ್ಲ ಎಂದು ಕೇಳಿದ. ಊರಿನ ಸಹಕಾರ ಎಂದು ನಾನು ಹಲ್ಲು ಕಿರಿದೆ.

ಅಮ್ಮ ಮಧ್ಯಾಹ್ನದ ಬಸ್ಸಿಗೆ ಬಂದಳು. ಚೀಲ ಕೆಳಗಿಡದೆ ನೇರ ಬ್ಯಾಣಕ್ಕೆ ಹೋದಳು. ಮರದ ಸುತ್ತ ಒಂದು ಸಲ ನಡೆದಳು. ಚಿಗುರು ಅಷ್ಟರಲ್ಲೇ ಬಾಡಿ ಜೋತುಬಿದ್ದಿತ್ತು. ಎಳೆಯ ಚಿಗುರು, ಕಸಿಗೆ ಬಲಿತಿರಲಿಲ್ಲ. ನಾವಿಬ್ಬರೂ ಹಿಂದೆ ನಿಂತಿದ್ದೆವು.

'ಯಾರು ಕಡ್ಸಿದ್ದು?'

ನಾನು ಬಾಯಿ ತೆರೆಯುವ ಮೊದಲೇ ಅಪ್ಪಯ್ಯ ಹೇಳಿದ: 'ನಾನು.'

ಬಾಯಿ ತೆರೆಯುವ ಮೊದಲೇ ಎಂದು ಬರೆದೆ. ಸುಳ್ಳು. ತೆರೆಯಲು ಬೇಕಾದಷ್ಟು ಹೊತ್ತಿತ್ತು. ಅವನು ಹೇಳಿದ ಮೇಲೂ ಇತ್ತು, ಸಂಜೆಯೂ ಇತ್ತು, ಮರುದಿನವೂ ಇತ್ತು. ನಾನು ಹೇಡಿ, ಅಷ್ಟೇ. ಅವನು ಯಾಕೆ ಹಾಗೆ ಹೇಳಿದ ಎಂದು ಕೇಳಲು ಕೂಡ ನನಗೆ ಧೈರ್ಯವಾಗಲಿಲ್ಲ.

ನಮ್ಮಲ್ಲಿ ಈಗಲೂ ಬಾಳೆಲೆಯ ಮೇಲೇ ಊಟ. ಎಲೆಯ ಎಡತುದಿಗೆ ಮೊದಲು ಉಪ್ಪು, ಅದರ ಪಕ್ಕ ಉಪ್ಪಿನಕಾಯಿ, ಆಮೇಲೆ ಉಳಿದದ್ದು. ಆ ದಿನದಿಂದ ಅಮ್ಮ ಅಪ್ಪಯ್ಯನ ಎಲೆಗೆ ಉಪ್ಪು ಬಡಿಸಿ ಮುಂದೆ ಹೋಗಿಬಿಡುತ್ತಿದ್ದಳು. ಅನ್ನ ಬಿಸಿಯಾಗೇ ಇರುತ್ತಿತ್ತು, ಸಾರು ಕೇಳಿದಷ್ಟು ಬೀಳುತ್ತಿತ್ತು, ಮಾತೂ ಮೊದಲಿನಂತೆಯೇ ಇತ್ತು. ಉಪ್ಪಿನ ಪಕ್ಕದ ಆ ಜಾಗ ಮಾತ್ರ ಖಾಲಿ. ನನ್ನ ಎಲೆಗೆ ಮಿಡಿ ತಪ್ಪದೆ ಬೀಳುತ್ತಿತ್ತು. ಆ ಮರದ ಕೊನೆಯ ಭರಣಿಯನ್ನು ಅವಳು ಕೈಹಿಡಿದು ಹಬ್ಬಕ್ಕೆ ಮಾತ್ರ ಬಳಸುತ್ತಿದ್ದಳು, ಉಳಿದ ದಿನ ಬೇರೆ ಮರದ ಮಿಡಿ. ಅಪ್ಪಯ್ಯನಿಗೆ ಮಿಡಿಯಿಲ್ಲದೆ ಮಜ್ಜಿಗೆ ಅನ್ನ ಇಳಿಯುತ್ತಿರಲಿಲ್ಲ ಎಂದು ಇಡೀ ಕೇರಿಗೆ ಗೊತ್ತಿತ್ತು. ಅವನು ಒಂದು ದಿನವೂ ಕೇಳಲಿಲ್ಲ. ಬರೀ ಉಪ್ಪು ಮುಟ್ಟಿಕೊಂಡು ಉಂಡು ಏಳುತ್ತಿದ್ದ. ಪಕ್ಕದಲ್ಲಿ ಕೂತು ನಾನು ಮಿಡಿ ಕಚ್ಚುತ್ತಿದ್ದೆ.

ಕೆಲವು ವರ್ಷ ಕಳೆದ ಮೇಲೆ ವರದಿ ಬಂತು. ಈ ದಾರಿ ಸದ್ಯಕ್ಕೆ ಲಾಭದಾಯಕವಲ್ಲವಂತೆ. ಒಂದೇ ಸಾಲು. ಅದರ ಝೆರಾಕ್ಸ್ ಪ್ರತಿಗಳನ್ನು ಸಮಿತಿಯವರಿಗೆ ಹಂಚಿದವನೂ ನಾನೇ. ಸಮಿತಿ ಮುರಿಯಲಿಲ್ಲ, ಮುರಿಯಲು ಅದರಲ್ಲಿ ಏನೂ ಉಳಿದಿರಲಿಲ್ಲ. ಸರ್ವೆಗೆಂದು ಸವರಿದ ಗೆರೆ ಮಾತ್ರ ಗಿಡ ಬೆಳೆಯದೆ ಕಾಲುದಾರಿಯಾಯಿತು. ಹತ್ತಿರದಲ್ಲಿ ಹೋಮ್‌ಸ್ಟೇ ತೆರೆದವರೊಬ್ಬರು ಅತಿಥಿಗಳನ್ನು ಆ ದಾರಿಯಲ್ಲಿ ನಡೆಸತೊಡಗಿದರು. ರೈಲ್ವೆ ಟ್ರೇಲ್ ಅಂತ ಹೆಸರು, ಅದಕ್ಕೊಂದು ಬೋರ್ಡು. ಬೋರ್ಡು ಮಾಡಿಕೊಟ್ಟದ್ದು ಯಾರೆಂದು ಹೇಳಬೇಕಾಗಿಲ್ಲ. ಅತಿಥಿಗಳು ನಮ್ಮ ಮರದ ಕೊರಡಿನ ಮೇಲೆ ಕೂತು ನೀರು ಕುಡಿದು ಫೋಟೊ ತೆಗೆಸಿಕೊಂಡು ಹೋಗುತ್ತಾರೆ. ಎಲ್ಲಿ ರೈಲು ಎಂದು ಅವರಲ್ಲಿ ಯಾರೂ ಕೇಳಿದ್ದನ್ನು ನಾನು ಕಂಡಿಲ್ಲ.

ಅಪ್ಪಯ್ಯ ಹೋದದ್ದು ಹೋದ ವರ್ಷ. ತಿಥಿಯ ದಿನ ಅವನಿಗೆ ಇಷ್ಟವಾದದ್ದನ್ನೆಲ್ಲ ಎಲೆಯಲ್ಲಿ ಎಡೆ ಇಟ್ಟರು. ಎಲ್ಲ ಮುಗಿದ ಮೇಲೆ ಅಮ್ಮ ಒಳಗಿಂದ ಭರಣಿ ತಂದು, ತಳದಲ್ಲಿ ಉಳಿದಿದ್ದ ಕೆಲವೇ ಮಿಡಿಗಳಲ್ಲಿ ಒಂದನ್ನು ಎತ್ತಿ, ಉಪ್ಪಿನ ಪಕ್ಕ ಇಟ್ಟಳು. ಸುಕ್ಕಿ ಕಪ್ಪಾಗಿದ್ದರೂ ಜೀರಿಗೆಯ ವಾಸನೆ ಹಾಗೇ ಇತ್ತು. ಬಂದ ಹೆಂಗಸರು ಕಣ್ಣೊರೆಸಿಕೊಂಡರು. ನನಗೆ ಸಿಟ್ಟು ಬಂತು. ಉಣ್ಣುವ ಬಾಯಿ ಇದ್ದಾಗ ಹಾಕದೆ ಈಗ ಯಾರಿಗೆ ಎಂದು ಅವಳ ಮೇಲೆ ಕೂಗಬೇಕೆನ್ನಿಸಿತು. ಆಮೇಲೆ ಆ ಸಿಟ್ಟಿಗೆ ಗುರಿಯಾಗಬೇಕಾದವನು ನಾನೊಬ್ಬನೇ ಎಂದು ಅರಿವಾಯಿತು.

ನೆಂಟರೆಲ್ಲ ಹೊರಟ ಮಾರನೆಯ ಬೆಳಿಗ್ಗೆ ಅಡುಗೆಮನೆಗೆ ಹೋದೆ. ಅಮ್ಮ ಅಕ್ಕಿ ಆರಿಸುತ್ತಿದ್ದಳು.

'ಅಮ್ಮ, ಮರ ಕಡ್ಸಿದ್ದು ಅಪ್ಪಯ್ಯ ಅಲ್ಲ. ನಾನು' ಎಂದೆ.

ಅವಳ ಕೈ ಮೊರದ ಮೇಲೆ ನಿಂತಿತು. ನನ್ನ ಮುಖ ನೋಡಲಿಲ್ಲ. ಅಳುತ್ತಾಳೆ ಎಂದು ಕಾದೆ, ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವಳು ಅಕ್ಕಿಯೊಳಗಿನ ಒಂದು ನೆಲ್ಲು ಎತ್ತಿ ಆಚೆ ಹಾಕಿ, ಮತ್ತೆ ಆರಿಸತೊಡಗಿದಳು.

ಮಧ್ಯಾಹ್ನ ಊಟಕ್ಕೆ ಕರೆದಳು. ಎಲೆ ಹಾಕಿ ನೀರು ಚಿಮುಕಿಸಿದಳು. ನನ್ನ ಎಲೆಯ ಎಡತುದಿಗೆ ಉಪ್ಪು ಬಡಿಸಿದಳು, ಪಕ್ಕದ ಜಾಗ ಬಿಟ್ಟು ಪಲ್ಯ ಹಾಕಿದಳು, ಬಿಸಿ ಅನ್ನ ತರಲು ಒಳಗೆ ಹೋದಳು.