ಕೂಸು ಕಟ್ಟುವ ಅರಿವೆ

ಮೊನ್ನೆ ಮೊಮ್ಮಗಳು ನನ್ನ ಮಡಿಲಿಗೆ ಒಂದು ಉದ್ದನೆಯ ಅರಿವೆ ಹಾಕಿ, "ಆಯಿ, ಎಳದು ನೋಡು" ಎಂದಳು. ಎಳೆದರೆ ಹಿಗ್ಗಿತು, ಬಿಟ್ಟರೆ ಸದ್ದಿಲ್ಲದೆ ಮೊದಲಿನಂತಾಯಿತು. ಕೂಸನ್ನು ಎದೆಗೆ ಕಟ್ಟಿಕೊಂಡು ತಿರುಗಾಡಲಿಕ್ಕಂತೆ. ಫೋನಿನಲ್ಲಿ ನೋಡಿ ನೋಡಿ ಎರಡು ತರಿಸಿ ವಾಪಸ್ ಕಳಿಸಿದ್ದಾಳೆ, ಇದು ಮೂರನೆಯದು. ಬಾಣಂತನಕ್ಕೆಂದು ಹಾನಗಲ್ಲಿನ ನಮ್ಮ ಮನೆಗೆ ಬಂದು ಇಪ್ಪತ್ತೆರಡು ದಿನವಾಯಿತು, ಒಂದು ದಿನವೂ ನೆಟ್ಟಗೆ ನಿದ್ದೆ ಮಾಡಿದ್ದು ನಾನು ಕಂಡಿಲ್ಲ. ಅವಳ ತಾಯಿ, ಅಂದರೆ ನನ್ನ ಹಿರಿಯ ಮಗಳು, ಅಡುಗೆಮನೆಯಲ್ಲಿ ಬಾಣಂತಿಯ ಸಾರಿಗೆ ಮೆಣಸು ಕುಟ್ಟುತ್ತಿದ್ದಳು.

"ಯಾವ ಅರಿವಿ ಚಲೋ ಅನ್ನೋದ ತಿಳೀವಲ್ದು ಆಯಿ. ತಲಿ ಓಡವಲ್ದು" ಎಂದಳು ಮೊಮ್ಮಗಳು. ಆ ದನಿ ಅರಿವೆಯ ಬಗ್ಗೆ ಕೇಳುವವರ ದನಿಯಾಗಿರಲಿಲ್ಲ. ಆದರೆ ನನಗೆ ಅದು ಆಗ ತಿಳಿಯಲಿಲ್ಲ. ಎಂಬತ್ತು ದಾಟಿದವರನ್ನು ಯಾರಾದರೂ ಸಲಹೆ ಕೇಳುವುದೇ ಅಪರೂಪ, ಕೇಳಿದರೋ ಬಾಯಿಗೆ ತಡೆಯಿಲ್ಲ. ನನ್ನ ಅರಿವೆಯ ಪುರಾಣ ಬಿಚ್ಚಿಯೇ ಬಿಟ್ಟೆ. ನೀವೂ ಹೇಗೂ ಕೂತಿದ್ದೀರಿ, ಕೇಳಿಬಿಡಿ.

ನನಗೆ ಆಗ ಹತ್ತೊಂಬತ್ತು. ಅರವತ್ತರ ದಶಕದ ಮೊದಮೊದಲ ವರ್ಷಗಳು. ತವರು ಹಂಸಭಾವಿ, ಕೊಟ್ಟದ್ದು ಅಕ್ಕಿಆಲೂರಿನ ಮಗ್ಗುಲ ಹಳ್ಳಿಗೆ. ಒಂಬತ್ತು ತಿಂಗಳಲ್ಲಿ ಬಿದ್ದ ಮೇಲೆ ಅಪ್ಪ ಬಂದು ಮೊದಲ ಹೆರಿಗೆಗೆ ತವರಿಗೆ ಕರೆದೊಯ್ಯುವುದೆಂದು ಮಾತಾಗಿತ್ತು. ಆ ಮಾತನ್ನು ಕೂಸಿಗೆ ಯಾರೂ ಹೇಳಿರಲಿಲ್ಲ, ಅದು ಎಂಟಕ್ಕೇ ಬಂತು. ಎರಡು ಅಂಗೈ ಕೂಡಿಸಿದರೆ ಅದರಲ್ಲೇ ಹಿಡಿಯುವಷ್ಟು ಇತ್ತು. ಅಳಲಿಕ್ಕೆ ಬಾಯಿ ತೆರೆಯುತ್ತಿತ್ತು, ದನಿ ಬರುತ್ತಿರಲಿಲ್ಲ. ನಮ್ಮ ಯಜಮಾನರು ಶಿಗ್ಗಾಂವಿಯಲ್ಲಿ ಮಾಸ್ತರರು. ಶನಿವಾರ ಬಸ್ಸಿಗೆ ಬಂದವರು ಕೂಸನ್ನು ಕಾದ ಹಂಚಿನಂತೆ ದೂರದಿಂದಲೇ ನೋಡಿ ಸೋಮವಾರ ಹೋಗಿಬಿಡುತ್ತಿದ್ದರು. ಅವರನ್ನು ಬೈದು ಏನು ಮಾಡುವುದು, ಹೆತ್ತ ನಾನೇ ಮುಟ್ಟಲು ಅಂಜುತ್ತಿದ್ದೆ.

ಸೂಲಗಿತ್ತಿ ದ್ಯಾಮವ್ವ ಅದರ ಅಂಗಾಲು ಮುಟ್ಟಿ ನೋಡಿ ಅತ್ತೆಗೆ ಹೇಳಿದಳು: "ಇದನ್ನ ತೊಟ್ಟಲಾಗ ಹಾಕಬ್ಯಾಡ್ರಿ. ತಣ್ಣಗಾತಂದ್ರ ಹೋತು. ಅವ್ವನ ಎದಿಗೆ ಕಟ್ಟಿ ಇಡ್ರಿ, ಮೈಗೆ ಮೈ ಹತ್ತಿರಬೇಕು. ನಲವತ್ತು ದಿನ ದಾಟಿದ್ರ ಕೂಸು ನಿಮ್ದು."

ಕಟ್ಟುವುದು ಯಾವುದರಿಂದ? ಮೊದಲು ನನ್ನ ಮದುವೆಯ ಇಳಕಲ್ ಸೀರೆ ತೆಗೆದೆವು. ಅದರ ಗಂಜಿಯೇ ಇನ್ನೂ ಬಿಟ್ಟಿರಲಿಲ್ಲ, ದಡಿ ತಾಗಿ ಕೂಸಿನ ಗಲ್ಲ ಕೆಂಪಾಯಿತು. ಅತ್ತೆಯ ಹಳೆಯ ಸೀರೆ ಮೆತ್ತಗೇನೋ ಇತ್ತು, ಆದರೆ ಗಂಟು ಬಿಗಿಯುವಾಗಲೇ ಪರ್ರೆಂದು ಹರಿಯಿತು. ಯಜಮಾನರ ದೋತರ ಕಟ್ಟಿ ನೋಡಿದೆವು. ಗಿರಣಿಯ ದಪ್ಪ ಬಟ್ಟೆ, ಸಡಿಲ ಬಿಟ್ಟರೆ ಕೂಸು ಹೊಟ್ಟೆಗೆ ಜಾರುತ್ತಿತ್ತು, ಬಿಗಿದರೆ ಅದಕ್ಕೆ ಉಸಿರಾಡಲು ಎಡೆಯಿರುತ್ತಿರಲಿಲ್ಲ. ದ್ಯಾಮವ್ವನಿಗೆ ಸಾಕಾಗಿ ಹೋಯಿತು. ಹಿತ್ತಲಿಗೆ ಹೋದವಳು ಹಗ್ಗದ ಮೇಲೆ ಒಣಗುತ್ತಿದ್ದ ಒಂದು ಅರಿವೆಯನ್ನು ತನ್ನ ಗಲ್ಲಕ್ಕೆ ಒತ್ತಿ, ಓರೆಯಾಗಿ ಎಳೆದು, ಭುಜದ ಮೇಲೆ ಹಾಕಿಕೊಂಡು ಬಂದಳು. ಅದು ನಮ್ಮ ಮಾವನವರು ತಲೆಗೆ ಸುತ್ತುವ ಉದ್ದ ರುಮಾಲು!

"ಏ ದ್ಯಾಮಿ, ಅದು ಗಂಡಸರ ತಲಿಮ್ಯಾಲಿಂದ! ಕೂಸು ಉಚ್ಚಿ ಹೊಯ್ಯತೈತಿ!" ಎಂದು ಅತ್ತೆ ಹೌಹಾರಿದರು.

"ಹೊಯ್ಯಲಿ ಬಿಡ್ರಿ, ಉಳಿದ್ರ ಹೊಯ್ಯತೈತಿ" ಎಂದಳು ದ್ಯಾಮವ್ವ. "ದಿನಾ ತಿರುವಿ ತಿರುವಿ ಸುತ್ತಿದ್ದು, ನೂಲು ಪಳಗೈತಿ. ಕೂಸು ಉಸರು ತಗೊಂಡ್ರ ಹಿಗ್ಗತೈತಿ, ಬಿಟ್ರ ಅಪ್ಪಿಕೊಂತೈತಿ. ಇದರಂಥಾದ್ದು ನಿಮ್ಮ ಮನ್ಯಾಗ ಇನ್ನೊಂದು ತೋರಸ್ರಿ ನೋಡೂಣು."

ಮಾವನವರು ಕಟ್ಟೆಯ ಮೇಲೆ ಕೂತು ಎಲ್ಲ ಕೇಳಿಸಿಕೊಂಡರು. ಅವರದು ಮಾತು ಕಡಿಮೆ. ನಾನು ಸೊಸೆಯಾಗಿ ಬಂದು ಎರಡು ವರ್ಷವಾಗಿದ್ದರೂ ನನ್ನೊಡನೆ ನೇರವಾಗಿ ಒಂದು ಮಾತೂ ಆಡಿದವರಲ್ಲ. ಆಗಿನ ಪದ್ಧತಿ ಹಾಗಿತ್ತು. ಅವರು ಬಂದರೆ ನಾನು ಸೆರಗು ಎಳೆದುಕೊಂಡು ಬಾಗಿಲ ಹಿಂದೆ ಸರಿಯಬೇಕು. ಅವರಿಗೆ ಇದ್ದದ್ದು ದಿನಬಳಕೆಯ ಎರಡು ರುಮಾಲು, ಒಂದು ತಲೆಯ ಮೇಲೆ, ಒಂದು ಹಗ್ಗದ ಮೇಲೆ. ಮರುದಿನ ಮುಂಜಾನೆ ನೋಡಿದರೆ ತಲೆಯ ಮೇಲಿನದೂ ನನ್ನ ಕೋಣೆಯ ಗೂಟಕ್ಕೆ ಬಂದು ತೂಗುತ್ತಿತ್ತು. ಕೂಸು ಒಂದನ್ನು ತೋಯಿಸಿದರೆ ಇನ್ನೊಂದು ಬೇಕಲ್ಲ!

"ಪೆಟಿಗ್ಯಾಗ ಜರತಾರಿ ರುಮಾಲು ಐತಲ್ರಿ, ಅದನ್ನರೆ ಸುತ್ಕೋರಿ" ಎಂದರು ಅತ್ತೆ.

"ಹೊಲಕ್ಕ ಜರತಾರಿ ಸುತ್ಕೊಂಡು ಹೋದ್ರ ಎತ್ತು ನಗತಾವ."

"ಹೊಸಾದೊಂದು ತರ್ರಿ ಮತ್ತ."

"ಕೂಸು ಗಟ್ಟಿ ಆಗ್ಲಿ. ಆಮ್ಯಾಲ ತಂದ್ರಾತು" ಎಂದು ಬರಿತಲೆಯಲ್ಲೇ ಎದ್ದು ಹೊರಟರು. ಹರಕೆಯೋ ಹಟವೋ ಯಾರು ಕೇಳಬೇಕು?

ಆ ದಿನಗಳ ದಣಿವು ಹೇಗೆ ಹೇಳಲಿ? ನಾಟಿ ಹಚ್ಚುವ ಕಾಲ, ಮನೆಮಂದಿಯೆಲ್ಲ ಗದ್ದೆಯಲ್ಲಿ. ನಾನು ಗೋಡೆಗೆ ಆತು ಕೂತಿರಬೇಕು. ಕೂಸಿಗೆ ಹೀರಲು ಬಾರದು, ಹಾಲು ಹಿಂಡಿ ಅರಳೆಯಲ್ಲಿ ಅದ್ದಿ ಹನಿ ಹನಿ ಬಿಡಬೇಕು. ಬಿಟ್ಟು ಮುಗಿಯುವಷ್ಟರಲ್ಲಿ ಮತ್ತೆ ಹೊತ್ತಾಗುತ್ತಿತ್ತು. ಮಲಗಿದರೆ ಎಲ್ಲಿ ಅದರ ಮೇಲೆ ಹೊರಳುತ್ತೇನೋ ಎಂಬ ಹೆದರಿಕೆ. ಬೆನ್ನು ಹೋಯಿತು, ಸೊಂಟ ಹೋಯಿತು, ಆಮೇಲೆ ಪ್ರೀತಿಯೂ ಎತ್ತಲೋ ಹೋಯಿತು. ಗೂಟದ ರುಮಾಲು ನೋಡಿದರೆ ಅಳು ಬರುತ್ತಿತ್ತು, ಬಿಚ್ಚಿದ್ದು ಮತ್ತೆ ಕಟ್ಟಬೇಕಲ್ಲ ಎಂದು.

ಈಗ ನಮ್ಮ ಕಡೆಯ ಒಂದು ಸಂಗತಿ ಹೇಳಬೇಕು. ಆಗೆಲ್ಲ ಹಿರಿಯ ಗಂಡಸು ಬರಿತಲೆಯಲ್ಲಿ ಊರಾಚೆ ಕಾಣಿಸಿದನೆಂದರೆ ಮನೆಯಲ್ಲಿ ಸಾವಾಗಿದೆಯೆಂದೇ ಅರ್ಥ. ಯಾರು ಸತ್ತರು ಎಂದು ಬಾಯಿಬಿಟ್ಟು ಕೇಳುವ ಹಾಗೂ ಇಲ್ಲ. ಇಂಥದರಲ್ಲಿ ಮಾವನವರು ಬರಿತಲೆಯಲ್ಲಿ ಅಕ್ಕಿಆಲೂರಿನ ಸಂತೆಗೆ ಹೋದರು. ಎಂಟು ತಿಂಗಳಿಗೆ ಹೆರಿಗೆಯಾದ ಸುದ್ದಿ ಅಷ್ಟೊತ್ತಿಗೆ ಅಲ್ಲಿ ಹಬ್ಬಿತ್ತು; ಕೂಸು ಗಟ್ಟಿಯಾದ ಮೇಲೆ ಹೇಳಿದರಾಯಿತೆಂದು ಹಂಸಭಾವಿಗೆ ಮಾತ್ರ ಇನ್ನೂ ತಿಳಿಸಿರಲಿಲ್ಲ. ಪರಿಚಯದ ಬಳೆಗಾರನೊಬ್ಬ ಇವರ ತಲೆ ನೋಡಿ, "ಹಿಂಗಾತಂತಲ್ರಿ ಗೌಡ್ರ" ಎಂದು ಲೊಚಗುಟ್ಟಿದ. ಹೊತ್ತಿಗೆ ಮೊದಲೇ ಹುಟ್ಟಿದ್ದಕ್ಕೆ ಮರುಗುತ್ತಿದ್ದಾನೆಂದು ತಿಳಿದ ಮಾವ, "ದೇವರ ಇಚ್ಛಾ, ನಮ್ಮ ಕೈಯಾಗ ಏನೈತಿ?" ಎಂದರು. ಮುಗಿಯಿತಲ್ಲ! ಆ ಬಳೆಗಾರ ಮೂರನೆಯ ದಿನ ಹಂಸಭಾವಿಗೆ ಹೋಗಿ ನಮ್ಮ ಅವ್ವನ ಮುಂದೆ ಬಳೆಯ ಮಲಾರದ ಜೊತೆ ಕೂಸು ಹೋದ ಸುದ್ದಿಯನ್ನೂ ಇಳಿಸಿದ.

ಅವ್ವ ಸಿಕ್ಕ ಬಸ್ಸು ಹತ್ತಿ ಬಂದಳು. ಊರ ಬಾಗಿಲ ಅಗಸಿಯಿಂದಲೇ ಎದೆ ಬಡಿದುಕೊಳ್ಳುತ್ತ, "ಅಯ್ಯೋ ನನ್ನ ಮಗಳ, ಕೂಸಿನ ಮಾರಿ ಸೈತ ನೋಡಲಿಲ್ಲಲ್ಲ ನಾ! ಮಣ್ಣಿಗರೆ ನನ್ನ ಕರೀಬಾರದಿತ್ತೇನ!" ಎಂದು ಹಾಡಾಡಿಕೊಂಡು ಅಳುತ್ತ ಬಂದವಳು ಕೋಣೆಯ ಹೊಸ್ತಿಲಲ್ಲಿ ನಿಂತು ನೋಡುತ್ತಾಳೆ, ಮಣ್ಣಾದ ಕೂಸು ನನ್ನ ಎದೆಯ ಮೇಲೆ ಕಾಲು ಝಾಡಿಸುತ್ತಿದೆ!

ಅರವತ್ತು ವರ್ಷ ನಾನು ಈ ಕತೆಯನ್ನು ಇಲ್ಲಿಗೇ ನಿಲ್ಲಿಸುತ್ತ ಬಂದಿದ್ದೇನೆ. ಮದುವೆ, ಮುಂಜಿ, ಸೀಮಂತ ಎಲ್ಲಿ ಹೇಳಿದರೂ ಜನ ಬಿದ್ದು ಬಿದ್ದು ನಗುತ್ತಾರೆ. ಮೊನ್ನೆ ಮೊಮ್ಮಗಳು ನಗಲಿಲ್ಲ. ಆ ಹಿಗ್ಗುವ ಅರಿವೆಯ ತುದಿಯನ್ನು ಬೆರಳಿಗೆ ಸುತ್ತುತ್ತ, ಪಕ್ಕದಲ್ಲಿ ಮಲಗಿದ್ದ ಮಗನ ಕಡೆ ನೋಡದೆ ಗೋಡೆ ನೋಡುತ್ತಿದ್ದಳು. ಆ ನೋಟ ನನಗೆ ಗುರುತಾಯಿತು. ಅದಕ್ಕೆ ಉಳಿದದ್ದನ್ನೂ ಹೇಳಿದೆ.

ಅವ್ವ ಅಳುತ್ತ ಬಂದಾಗ ನಾನು ಕೂತಲ್ಲೇ ಜೋಂಪಿನಲ್ಲಿದ್ದೆ. ಆ ಅಳು ಕಿವಿಗೆ ಬಿದ್ದು ಎಚ್ಚರವಾಯಿತು. ಹೌದು, ಕೂಸು ಹೋಗಿದೆ ಎಂದು ನಾನೂ ನಂಬಿದೆ. ಕೈ ಅದರ ಬೆನ್ನ ಮೇಲೇ ಇತ್ತು, ಆದರೂ ಒತ್ತಿ ನೋಡಲಿಲ್ಲ. ಮೊದಲು ಮನಸ್ಸಿಗೆ ಬಂದದ್ದು ಒಂದೇ ಮಾತು: ಸದ್ಯ, ಇನ್ನು ಕಾಲು ಚಾಚಿ ಮಲಗಬಹುದು. ಹೆತ್ತ ತಾಯಿಗೆ ಬಂದ ಮಾತು ಅದು. ಆಮೇಲೆ ಕೂಸು ಒದೆಯಿತು. ಅವ್ವ ನಕ್ಕಳು, ಅತ್ತಳು, ಬಳೆಗಾರನ ವಂಶಕ್ಕೆಲ್ಲ ಶಾಪ ಹಾಕಿದಳು. ನಾನು ಮಾತ್ರ ಗೋಡೆಗೆ ಆತು ಹಾಗೇ ಕೂತಿದ್ದೆ.

ಗದ್ದಲ ಕೇಳಿ ಮಾವನವರು ಬಾಗಿಲಿಗೆ ಬಂದರು. ನಾನು ಸೆರಗು ಎಳೆದುಕೊಳ್ಳಲೂ ಇಲ್ಲ, ಅಷ್ಟು ತ್ರಾಣವಿರಲಿಲ್ಲ. ನನ್ನ ಮುಖದಲ್ಲಿ ಏನು ಕಂಡರೋ, ಅಂಗಿ ಕಳಚಿ ಬದಿಗಿಟ್ಟು ನನ್ನೆದುರು ಕೂತು, ಎರಡು ವರ್ಷದಲ್ಲಿ ಮೊದಲ ಸಲ ನನ್ನೊಡನೆ ಮಾತಾಡಿದರು: "ಇತ್ತ ಕೊಡವ್ವ. ನೀ ಮಲ್ಕೋ."

ಅವ್ವನೇ ಕೂಸನ್ನು ಬಿಚ್ಚಿ ಅವರ ಎದೆಗೆ ಕಟ್ಟಿದಳು. ಊರಿನ ದೊಡ್ಡ ಗಂಡಸು ತನ್ನ ರುಮಾಲಿನಲ್ಲಿ ಹಸುಗೂಸು ಕಟ್ಟಿಕೊಂಡು ಹಾಡಹಗಲು ಕಟ್ಟೆಯ ಮೇಲೆ ಕೂತರು. ಹಾದುಹೋಗುವವರೆಲ್ಲ ನಿಂತು ನೋಡಿದರಂತೆ. ನಾನು ನೋಡಲಿಲ್ಲ. ನಲವತ್ತು ದಿನ ತುಂಬುವವರೆಗೆ ದಿನವೂ ಒಂದು ಹೊತ್ತು ಕೂಸು ಅವರದೇ ಆಯಿತು.

ಇಷ್ಟು ಹೇಳಿ ಅವಳ ಕಡೆ ತಿರುಗಿದೆ. ಮೊಮ್ಮಗಳ ಕಣ್ಣು ತುಂಬಿತ್ತು. "ಆಯಿ, ನಾನೂ ನಿನ್ನೆ..." ಎಂದು ಶುರು ಮಾಡಿದಳು. "ಗೊತ್ತಾತು ಬಿಡು. ಹೇಳಬ್ಯಾಡ" ಎಂದೆ.

ಆಗ ಅನಿಸಿತು, ಮೆಣಸು ಕುಟ್ಟುವ ಸದ್ದು ನಿಂತು ಬಹಳ ಹೊತ್ತಾಗಿದೆ. ತಿರುಗಿ ನೋಡಿದರೆ ಅಡುಗೆಮನೆಯ ಬಾಗಿಲಲ್ಲಿ ನನ್ನ ಹಿರಿಯ ಮಗಳು, ಆ ಎಂಟು ತಿಂಗಳ ಕೂಸು, ನಿಂತಿದ್ದಾಳೆ. ತಲೆ ಬೆಳ್ಳಗಾಗಿದೆ, ಕೈ ಸೆರಗಿಗೆ ಒರೆಸಿಕೊಳ್ಳುತ್ತಿದ್ದಾಳೆ. ಎಷ್ಟು ಕೇಳಿದ್ದಳೋ! ಎಲ್ಲವನ್ನೂ ಕೇಳಿದ್ದಳು. ಅರವತ್ತು ವರ್ಷ ಯಾರಿಂದ ಮುಚ್ಚಿಟ್ಟಿದ್ದೆನೋ ಅವಳ ಕಿವಿಗೇ ಬಿದ್ದಿತ್ತು.

ಅವಳು ಬಂದು ನನ್ನ ಮಗ್ಗುಲಲ್ಲಿ ಕೂತಳು.

"ಮತ್ತ, ಅವತ್ತು ನಿದ್ದಿ ಆತೇನವ್ವ?" ಎಂದಳು.

"ಆತವ್ವ" ಎಂದೆ. "ದೀಪಾ ಹಚ್ಚೂತನಕಾ ಮಲಗಿದ್ದೆ."

"ಚಲೋ ಆತು ತಗೋ" ಎಂದು ಅವಳು ಮೊಮ್ಮಗನನ್ನು ಎತ್ತಿಕೊಂಡಳು.