ಎಷ್ಟಕ್ಕ ಮತ್ತು ಒಂದೇ ಖಾನೆ

ಅವಳಿಗೆ ಎಷ್ಟಕ್ಕ ಎಂದು ಹೆಸರಿಟ್ಟವಳು ನಾನೇ. ನನಗಿಂತ ಹದಿನೈದು ವರ್ಷ ಚಿಕ್ಕವಳು, ನನಗೆ ಅಕ್ಕ ಹೇಗಾದಾಳು? ಆದರೆ ಬಾಯಿ ಬಿಟ್ಟರೆ ‘ಎಷ್ಟು?’ ಎನ್ನುವವಳನ್ನು ಇನ್ನೇನೆಂದು ಕರೆಯುವುದು!

ನಾನು ಆಸ್ಪತ್ರೆಯ ರೆಕಾರ್ಡ್ ರೂಮಿನ ಗುಮಾಸ್ತೆ. ಇಪ್ಪತ್ತಾರು ವರ್ಷ ಫೈಲುಗಳ ಧೂಳು ಕುಡಿದವಳು. ಆ ಫೈಲುಗಳೆಲ್ಲ ಕಂಪ್ಯೂಟರಿಗೆ ಹೋಗಬೇಕಿತ್ತು. ಯಾವ ಮಾಹಿತಿ ಯಾವ ಕೋಷ್ಟಕದಲ್ಲಿ ಕೂರಬೇಕು, ಯಾವುದಕ್ಕೆ ಯಾವುದರ ನಂಟು ಎಂದು ನಕ್ಷೆ ಹಾಕಲು ಅವಳು ಬಂದಳು. ಇಂಥವರು ಗಾಜಿನ ಕೋಣೆಯಲ್ಲಿ ಕೂತು ಗೆರೆ ಎಳೆಯುತ್ತಾರೆ ಎಂದುಕೊಂಡಿದ್ದೆ. ಇವಳು ನನ್ನ ಮೇಜಿನ ಪಕ್ಕಕ್ಕೆ ಒಂದು ಕುಂಟು ಸ್ಟೂಲು ಎಳೆದುಕೊಂಡು ಮೂರು ವಾರ ನನ್ನ ತಲೆ ತಿಂದಳು.

“ಅಕ್ಕಾ, ಒಂದು ಹಾಸಿಗೆಗೆ ಎಷ್ಟು ಪೇಷೆಂಟು?”

“ಒಬ್ರೇ ಕಣಮ್ಮ. ಇದೇನು ಬಸ್ಸಾ?”

ಎದ್ದು ಹೋದಳು. ಅರ್ಧ ಗಂಟೆ ಬಿಟ್ಟು ಹೆರಿಗೆ ವಾರ್ಡಿನಿಂದ ವಾಪಸ್ಸು ಬಂದಳು. “ಅಲ್ಲಿ ಒಂದೊಂದು ಹಾಸಿಗೇಲೂ ಇಬ್ಬಿಬ್ರು ಇದಾರೆ ಅಕ್ಕಾ. ತಾಯಿ ಒಬ್ಳು, ಮಗು ಒಂದು.”

“ಹುಟ್ಟಿದ ದಿನ ಗೊತ್ತಿಲ್ಲದೋರಿಗೆ ಏನು ಬರೀತೀರ?” ಎಂದು ಇನ್ನೊಂದು ದಿನ ಕೇಳಿದಳು. ಜನವರಿ ಒಂದು ಎಂದೆ. ಎಲ್ಲರೂ ಬರೆಯುವುದು ಅದನ್ನೇ. “ಗೊತ್ತಿಲ್ಲ ಅನ್ನೋದಕ್ಕೂ ಒಂದು ಜಾಗ ಬೇಕಕ್ಕಾ. ಇಲ್ದಿದ್ರೆ ಜನ ಸುಳ್ಳು ಬರೀತಾರೆ” ಎಂದಳು. ಕೆಲಸ ಬಲ್ಲವರು ಹೇಗಿರುತ್ತಾರೆ ಎಂದು ಯಾರಾದರೂ ಕೇಳಿದರೆ ನಾನು ಇವಳನ್ನೇ ತೋರಿಸುತ್ತಿದ್ದೆ. ಗೆರೆ ಎಳೆಯುವ ಮೊದಲು ನಮ್ಮಂಥವರ ಮಾತು ಕೇಳಿದ ಇನ್ನೊಬ್ಬರನ್ನು ನಾನಂತೂ ಕಂಡಿಲ್ಲ.

ಆದರೆ ಒಂದು ವಿಷಯದಲ್ಲಿ ರಾಕ್ಷಸಿ. ಒಂದು ಖಾನೆಯಲ್ಲಿ ಒಂದೇ ಸಂಗತಿ ಇರಬೇಕು. ನಾನೊಮ್ಮೆ ನಡುವೆ ಅಲ್ಪವಿರಾಮ ಹಾಕಿ ಎರಡು ಫೋನ್ ನಂಬರು ತುರುಕಿದ್ದೆ. ಎಲ್ಲರೆದುರು ಚಳಿ ಬಿಡಿಸಿದಳು. “ಹೀಗೆ ತುರುಕಿದ್ರೆ ಹುಡುಕಿದಾಗ ಎರಡೂ ಸಿಗಲ್ಲ. ಎರಡನೇದಕ್ಕೆ ಬೇರೆ ಸಾಲು ಇರುತ್ತೆ, ಅಲ್ಲಿ ಹಾಕಿ!” ಅವತ್ತಿನಿಂದ ನಾನು ಅಲ್ಪವಿರಾಮದ ಹತ್ತಿರಕ್ಕೂ ಬೆರಳು ಒಯ್ಯಲಿಲ್ಲ.

ಪರೀಕ್ಷೆಗೆಂದು ಮೊದಲು ಹಾಕಿದ ದಾಖಲೆ ಅವಳ ತಾಯಿಯದು. ಮನೆಯಲ್ಲಿ ಇದ್ದವರು ಅವರಿಬ್ಬರೇ. ಲಕ್ವ ಹೊಡೆದ ಮೇಲೆ ತಾಯಿಗೆ ಮಾತು ನಿಂತುಹೋಗಿತ್ತು. ಹಿಂದೊಮ್ಮೆ ಪೆನ್ಸಿಲಿನ್ ಕೊಟ್ಟಾಗ ಆಕೆ ಸಾವಿನ ಬಾಗಿಲು ತಟ್ಟಿ ಬಂದಿದ್ದರು. ಅಲರ್ಜಿ ಎಂಬ ಖಾನೆಯಲ್ಲಿ ‘ಪೆನ್ಸಿಲಿನ್’ ಎಂದು ಎಷ್ಟಕ್ಕ ತಾನೇ ಟೈಪು ಮಾಡಿದಳು. “ಅಮ್ಮಂಗೆ ಹೇಳೋಕಾಗಲ್ಲ. ಇನ್ಮೇಲೆ ಇದು ಹೇಳುತ್ತೆ” ಎಂದು ಪರದೆಯನ್ನು ಬೆರಳಿನಿಂದ ಮುಟ್ಟಿದಳು.

ಅಲರ್ಜಿಗೆ ಅವಳು ಬೇರೆಯದೇ ಕೋಷ್ಟಕ ಹಾಕಿದ್ದಳು, ಒಬ್ಬರಿಗೆ ಎಷ್ಟಿದ್ದರೂ ಹಿಡಿಸುವಂಥದ್ದು. ಆಡಳಿತಾಧಿಕಾರಿ ಅದನ್ನು ಹೊಡೆದುಹಾಕಿದರು. “ಕಾಗದದ ಫಾರಮ್ಮಲ್ಲಿ ಒಂದೇ ಗೆರೆ ಇದೆಯಲ್ರೀ. ಸೋಮವಾರ ಉದ್ಘಾಟನೆ. ಸದ್ಯಕ್ಕೆ ಒಂದು ಖಾನೆ ಸಾಕು.” ಮೂರು ದಿನ ಪಟ್ಟು ಹಿಡಿದಳು, ನಾಲ್ಕನೆಯ ದಿನ ಸೋತು ತಲೆಯಾಡಿಸಿದಳು. “ಸದ್ಯಕ್ಕೆ ತಾನೇ ಅಕ್ಕಾ, ಮುಂದಿನ ತಿಂಗಳು ಸರಿ ಮಾಡ್ತೀನಿ.” ಆಮೇಲೆ ತಿಂಗಳು ತಿಂಗಳೂ ಹೋಗಿ ಕೇಳಿದಳು. ಆ ಹಾಳು ‘ಸದ್ಯಕ್ಕೆ’ ಏಳು ತಿಂಗಳು ಎಳೆಯಿತು.

ಏಳನೆಯ ತಿಂಗಳಲ್ಲಿ ಚರ್ಮದ ವಿಭಾಗದಿಂದ ನನಗೆ ಚೀಟಿಗಳ ಕಟ್ಟು ಬಂತು. ಒಂದರಲ್ಲಿ ‘ಸಲ್ಫಾ ಮಾತ್ರೆ ಒಗ್ಗುವುದಿಲ್ಲ, ದಾಖಲಿಸಿ’ ಎಂದಿತ್ತು. ನಂಬರು ಹಾಕಿ ತೆರೆದೆ. ಖಾನೆಯಲ್ಲಿ ಆಗಲೇ ಪೆನ್ಸಿಲಿನ್ ಕೂತಿತ್ತು. ಎರಡನೆಯದಕ್ಕೆ ಬೇರೆ ಸಾಲು ಹುಡುಕಿದೆ, ಇರಲಿಲ್ಲ. ತುರುಕುವ ಹಾಗಿಲ್ಲ. ಕಿಟಕಿಯಲ್ಲಿ ಇಪ್ಪತ್ತು ಜನ ಗೊಣಗುತ್ತಿದ್ದರು. ವಿಳಾಸ ಬದಲಾದರೆ ಹಳೆಯದನ್ನು ಅಳಿಸುವುದಿಲ್ಲವೇ, ಇದೂ ಹಾಗೇ ಎಂದುಕೊಂಡೆ. ಅಳಿಸಿದೆ, ಸಲ್ಫಾ ಎಂದು ಒತ್ತಿದೆ. ಹೆಸರು ಕಣ್ಣೆದುರೇ ಇತ್ತು, ನಾನು ನೋಡಿದ್ದು ನಂಬರು ಮಾತ್ರ. ಥೂ, ನನ್ನ ಕಣ್ಣಿಗಿಷ್ಟು!

ಎಷ್ಟಕ್ಕನ ತಾಯಿಯನ್ನು ಅವತ್ತು ಚರ್ಮದ ವಿಭಾಗಕ್ಕೆ ಕರೆತಂದಿದ್ದವರು ಪಕ್ಕದ ಮನೆಯಾಕೆ. ಮಾತ್ರೆ ಬದಲಾಯಿಸಿದರು ಎನ್ನುವುದಷ್ಟೇ ಮಗಳಿಗೆ ಗೊತ್ತಿತ್ತು.

ಎರಡು ವಾರವಾದ ಮೇಲೆ, ಬೆಳಿಗ್ಗೆ ಹನ್ನೊಂದಕ್ಕೆ, ಆ ಪಕ್ಕದ ಮನೆಯಾಕೆ ಫೋನು ಮಾಡಿದರು. ತಾಯಿಗೆ ಕಾಲಿನ ಗಾಯ ಬಾತು ಜ್ವರ ಏರಿತ್ತು. ಎಷ್ಟಕ್ಕ ಮಹಡಿಯ ಮೇಲಿನ ಮೀಟಿಂಗಿಗೆ ಹೊರಟವಳು ನನ್ನ ಮೇಜಿನ ಬಳಿಯೇ ನಿಂತು ಮಾತಾಡಿದಳು. “ಕರ್ಕೊಂಡು ಬನ್ನಿ ಆಂಟಿ. ಡಾಕ್ಟ್ರಿಗೆ ನೀವೇನೂ ಹೇಳ್ಬೇಕಾಗಿಲ್ಲ, ಕಂಪ್ಯೂಟರಲ್ಲಿ ಎಲ್ಲಾ ಇದೆ. ನಾನು ಮೀಟಿಂಗ್ ಮುಗಿದ ತಕ್ಷಣ ಇಳಿದು ಬರ್ತೀನಿ.” ಅದನ್ನು ಕೇಳಿಸಿಕೊಂಡೂ ನನಗೇನೂ ಹೊಳೆಯಲಿಲ್ಲ.

ಡಾಕ್ಟರು ಪರದೆ ನೋಡಿದರು. ಸಲ್ಫಾ ಎಂದಿತ್ತು, ಸಲ್ಫಾ ಬಿಟ್ಟರು. ಪೆನ್ಸಿಲಿನ್ ಚುಚ್ಚಿದರು. ಎಷ್ಟಕ್ಕ ಇಳಿದು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಸಂಜೆ ನನ್ನ ಮೇಜಿಗೆ ಬಂದಳು. ಯಾವ ದಿನ ಯಾರು ಏನು ಬದಲಾಯಿಸಿದರು ಎನ್ನುವುದನ್ನು ಕಂಪ್ಯೂಟರು ಬರೆದಿಟ್ಟುಕೊಳ್ಳುವಂತೆ ಮಾಡಿದ್ದವಳೂ ಅವಳೇ.

“ಅಕ್ಕಾ, ಅಳಿಸಿದ್ದು ನೀವಾ?”

“ಎರಡು ತುರುಕ್ಬೇಡಿ ಅಂತ ನೀನೇ ಹೇಳಿದ್ಯಲ್ಲಮ್ಮ...”

“ಹೌದು” ಎಂದಳು. “ನಾನೇ ಹೇಳಿದ್ದೆ.” ಬೈದಿದ್ದರೆ, ಕೆನ್ನೆಗೆ ಬಾರಿಸಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ವಿಚಾರಣೆಯ ದಿನ ಆಡಳಿತಾಧಿಕಾರಿ ಒಂದು ಫಾರಂ ಮುಂದಿಟ್ಟರು. ‘ತಪ್ಪಿಗೆ ಹೊಣೆಯಾದವರ ಹೆಸರು’ ಎಂದಿತ್ತು. ಕೆಳಗೆ ಒಂದೇ ಖಾನೆ. ಕೋಷ್ಟಕ ಹೊಡೆದುಹಾಕಿದವರು ಅವರು, ಪೆನ್ಸಿಲಿನ್ ಅಳಿಸಿದವಳು ನಾನು. ಈಗ ಕೇಳುತ್ತಾಳೆ, ‘ಎಷ್ಟು ಜನ ಸಾರ್?’ ಎಂದು ಈಗ ಕೇಳಿಯೇ ಕೇಳುತ್ತಾಳೆ ಎಂದು ಅವಳ ಬಾಯನ್ನೇ ನೋಡುತ್ತಿದ್ದೆ. ಸಾಹೇಬರು ಕನ್ನಡಕ ಒರೆಸುತ್ತ ಕೂತಿದ್ದರು.

ಅವಳು ಏನೂ ಕೇಳಲಿಲ್ಲ. ತನ್ನ ಹೆಸರು ಬರೆದಳು.

ಸಾಕ್ಷಿಯ ಸಹಿಗೆಂದು ಪೆನ್ನು ನನ್ನ ಕೈಗೆ ಬಂತು. ಅವಳ ಹೆಸರಿನ ಪಕ್ಕ ಬೇಕಾದಷ್ಟು ಜಾಗವಿತ್ತು. ಒಂದು ಅಲ್ಪವಿರಾಮ ಹಾಕಿ ನನ್ನ ಹೆಸರನ್ನೂ ತುರುಕಬಹುದಿತ್ತು. ನಾನು ಸಹಿ ಮಾತ್ರ ಹಾಕಿ ಪೆನ್ನು ವಾಪಸ್ಸು ಕೊಟ್ಟೆ.